ಉರಿಗಾಂನ ಲೇತಿಗೆ ನಾನು ಸಾಕ್ಷಿ

ವರ್ಕ್‌ಶಾಪಿನ ಉಳಿದ ಮೂರು ಯಂತ್ರಗಳ ಮೇಲಿನ ಕುಂಕುಮ ಎಣ್ಣೆ ಕುಡಿದು ಕಪ್ಪಾಗಿತ್ತು. ಹೊಸ ಲೇತಿನ ಮೇಲಿನದು ಮಾತ್ರ ಕೆಂಪಗೇ ಇತ್ತು. ಆಯುಧಪೂಜೆ ಮುಗಿದು ಆಗಲೇ ತಿಂಗಳಾಗಿತ್ತು.

ಅದು ಅರವತ್ತರ ದಶಕದ ಆರಂಭ. ಕಾನೂನು ಪದವಿ ಮುಗಿಸಿ ಬಂಗಾರಪೇಟೆಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಹೊರದೇಶದಿಂದ ಸಾಮಾನು ತರಿಸುವ, ಹೊರದೇಶಕ್ಕೆ ಕಳಿಸುವ ಸಣ್ಣ ಕಂಪನಿಗಳ ಪರವಾನಗಿ ಕಾಗದಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಉರಿಗಾಂನ ಒಂದು ವರ್ಕ್‌ಶಾಪ್ ಹೊರದೇಶದ ಲೇತ್ ತರಿಸಿತ್ತು. ಪರವಾನಗಿಯ ಷರತ್ತು ಸರಳ: ತರಿಸಿದವರೇ ಬಳಸಬೇಕು, ಮಾರಬಾರದು, ಬೇರೆಯವರ ಕೈಗೆ ಕೊಡಬಾರದು. ಹೊರದೇಶದಿಂದ ಎರಡನೆಯ ಯಂತ್ರ ತರಿಸಲು ಪರವಾನಗಿ ಬೇಕಾದರೆ, ಮೊದಲನೆಯದು ಬಂದಂದಿನಿಂದ ಅಲ್ಲೇ ಇದೆ ಎಂದು ಪ್ರಮಾಣಪತ್ರ ಕೊಡಬೇಕಿತ್ತು. ಕಣ್ಣಾರೆ ನೋಡಿದ ಸಾಕ್ಷಿಯ ಸಹಿಯೂ ಬೇಕಿತ್ತು. ಆ ಸಾಕ್ಷಿ ನಾನು. ಮುಂದಿನ ತಿಂಗಳು ವಕೀಲಳಾಗಿ ನೋಂದಾಯಿಸಿಕೊಳ್ಳುವವಳಿದ್ದೆ. ಸುಳ್ಳು ಸಾಕ್ಷಿ ಹಾಕಿದ್ದು ಹೊರಬಿದ್ದರೆ ನೋಂದಣಿಯ ಆಸೆ ಬಿಡಬೇಕಿತ್ತು.

“ಬೇಸಿಗೇಲೇ ಬಂದಿದ್ದು ಕಣಮ್ಮಾ. ಒಂದಿನಾನೂ ಈ ಜಾಗ ಬಿಟ್ಟು ಅಳ್ಳಾಡಿಲ್ಲ,” ಎಂದರು ಮಾಲೀಕರು.

ಲೇತಿನ ಬುಡದ ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಮಾತೆತ್ತಲಿಲ್ಲ. ಯಂತ್ರ ಒರೆಸುತ್ತಿದ್ದ ವಯಸ್ಸಾದ ಫಿಟ್ಟರನ್ನು, ಕುಂಕುಮ ಇಟ್ಟವರು ಯಾರು ಎಂದಷ್ಟೇ ಕೇಳಿದೆ.

“ನಾನೇ ತಾಯೀ, ಮೊನ್ನೆ ಇಟ್ಟೆ. ಬೊಟ್ಟಿಲ್ದಿರೋ ಮಿಷಿನ್ ಮೇಲೆ ನಾನು ಕೈ ಇಡಾಕಿಲ್ಲ. ಅಬ್ಬದಾಗೆ ಇದು ಅತ್ತೆಮನೆಗೆ ಓಗಿತ್ತಲ್ಲ!”

“ಏಯ್, ಸುಮ್ಕಿರಲಾ ಮುದ್ಕ!” ಮಾಲೀಕರು ಜೋರಾಗಿ ನಕ್ಕು ನನ್ನ ಕಡೆ ತಿರುಗಿದರು. “ರಿಪೇರಿಗೆ ಓಗಿತ್ತು ಕಣಮ್ಮಾ, ನಾಕು ದಿನ. ಕಾಫಿ ತಕಳಿ.”

ಒಂದಿನಾನೂ ಅಳ್ಳಾಡಿಲ್ಲ ಎಂದವರೂ ಇವರೇ. ರಿಪೇರಿಯ ಚೀಟಿ ತೋರಿಸಿ ಎಂದೆ.

“ನಮ್ಮೋರಿಗೆ ನಮ್ಮೋರು ಚೀಟಿ ಬರ್ಕೊಡ್ತಾರೇನಮ್ಮಾ?”

ಕಾಫಿ ಕುಡಿಯದೆ ಎದ್ದುಬಂದೆ.

ರೈಲಿನಲ್ಲಿ ಹಿಂದಿರುಗುವಾಗ ಅನುಮಾನ ನಮ್ಮ ವಕೀಲರ ಕಡೆಗೇ ತಿರುಗಿತು. ಇಂಥ ತಪಾಸಣೆಗೆ ಯಾವಾಗಲೂ ತಾವೇ ಹೋಗುತ್ತಿದ್ದವರು ಈ ಸಲ ಮಂಡಿನೋವು ಎಂದಿದ್ದರು. ನಾನು ಕಚೇರಿಯ ಒಳಗೆ ಬಂದಾಗ ಸ್ಟೂಲ್ ಹತ್ತಿ ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯುತ್ತಿದ್ದರು.

ನೋಡಿದ್ದು, ಕೇಳಿದ್ದು ಎಲ್ಲವನ್ನೂ ಹೇಳಿದೆ.

“ಮೆಷಿನ್ ಅಲ್ಲಿತ್ತೋ ಇಲ್ವೋ?”

“ಇತ್ತು ಸಾರ್.”

“ಮತ್ತೆ? ಕುಂಕುಮದ ಬಣ್ಣ ಪರೀಕ್ಷೆ ಮಾಡೋಕೆ ಕಳಿಸಿದ್ನೇನಮ್ಮಾ ನಿನ್ನ? ನಾಳೆ ಸಹಿ ಹಾಕ್ಬಿಡು.”

ಮೇಜಿನ ಮೇಲೆ ಪ್ರಮಾಣಪತ್ರ ಸಿದ್ಧವಾಗಿತ್ತು. ಯಂತ್ರ ಬಂದಂದಿನಿಂದ ಸ್ಥಳ ಬದಲಿಸಿಲ್ಲವೆಂಬುದು ನನಗೆ ಖುದ್ದಾಗಿ ಗೊತ್ತಿದೆ ಎಂದು ಅದರಲ್ಲಿತ್ತು. ಕೆಳಗಿದ್ದ ತಾರೀಕು ಹಿಂದಿನ ದಿನದ್ದು. ನಾನು ಉರಿಗಾಂಗೆ ಹೋಗುವ ಮೊದಲೇ ಅದು ಟೈಪಾಗಿತ್ತು.

ಮರುದಿನ ಬೆಳಿಗ್ಗೆ ಅವರಿಗಿಂತ ಮುಂಚೆ ಕಚೇರಿಗೆ ಹೋಗಿ ಬೇರೊಂದು ಹಾಳೆಯಲ್ಲಿ ಟೈಪ್ ಮಾಡಿದೆ: ನಿನ್ನೆ ಮಧ್ಯಾಹ್ನ ಲೇತನ್ನು ಉರಿಗಾಂನಲ್ಲಿ ನೋಡಿದೆ, ಅದಕ್ಕೆ ಮುಂಚೆ ಅದು ಎಲ್ಲಿತ್ತೆಂಬುದು ನನಗೆ ತಿಳಿಯದು. ಫಿಟ್ಟರ ಮಾತನ್ನು ಬರೆಯಲಿಲ್ಲ. ಬರೆದಿದ್ದರೆ ಅವರ ಕೆಲಸ ಹೋಗುತ್ತಿತ್ತು. ಸಹಿ ಹಾಕಿ ವಕೀಲರ ಮೇಜಿನ ಮೇಲಿಟ್ಟೆ. ಅವರು ಟೈಪ್ ಮಾಡಿಸಿದ್ದನ್ನು ಸಹಿಯಿಲ್ಲದೆ ಅದರ ಕೆಳಗೆ ಸೇರಿಸಿ, ನನ್ನ ಜಾಗಕ್ಕೆ ಹೋಗಿ ಕೂತೆ.