ಒಳಗೆ ಮೊದಲು ಎದ್ದದ್ದು ಯಾರು?

ಕೊಡಗಿನ ಪೊನ್ನಂಪೇಟೆಯ ನಮ್ಮ ಕಂಪ್ಯೂಟರ್ ರಿಪೇರಿಯವರು ಯಾವ ಯಂತ್ರವನ್ನೂ ನಂಬುತ್ತಿರಲಿಲ್ಲ. ಸ್ವಿಚ್ ಒತ್ತಿ, ಗದ್ದಕ್ಕೆ ಸ್ಕ್ರೂಡ್ರೈವರ್ ಆನಿಸಿಕೊಂಡು, "ಒಳಗೆ ಮೊದಲು ಎದ್ದದ್ದು ಯಾರು?" ಎನ್ನುತ್ತಿದ್ದರು. ನಾನು ಅವರನ್ನು ನಂಬುತ್ತಿರಲಿಲ್ಲ. ಅವರು ನನ್ನ ಲ್ಯಾಪ್‌ಟಾಪಿನ ಫ್ಯಾನ್ ಶುಚಿ ಮಾಡಿಕೊಟ್ಟ ಮೇಲೆ, ಇಪ್ಪತ್ತೆರಡು ಸೆಕೆಂಡಿಗೆ ಶುರುವಾಗುತ್ತಿದ್ದದ್ದು ಐವತ್ತೊಂದು ತೆಗೆದುಕೊಳ್ಳುತ್ತಿತ್ತು. ಒಂಬತ್ತು ಬೆಳಗಿನ ಲೆಕ್ಕ ಡೈರಿಯಲ್ಲಿತ್ತು. ಅದನ್ನು ಅವರ ಮುಂದೆ ಹಿಡಿದೆ.

"ಅಣ್ಣ, ಒಳ್ಳೆ ಚಿಪ್ ತೆಗೆದು ಹಳೇದು ಹಾಕಿದ್ರಾ?"

"ಅದು ಬೋರ್ಡಿಗೇ ಬೆಸುಗೆ ಆಗಿರ್ತದೆ ಮೋನೆ. ಕಿತ್ಕೊಳ್ಳೋಕೆ ಅದೇನು ಕಾಫಿ ಹಣ್ಣಾ?" ಮಗನೇ ಎನ್ನುವ ಹಾಗೆ ಅವರು ಹುಡುಗರನ್ನೆಲ್ಲ ಮೋನೆ ಎನ್ನುತ್ತಿದ್ದರು.

ಸೆಟ್ಟಿಂಗ್ ತೆರೆದು ತೋರಿಸಿದರು. ಯಂತ್ರ ಶುರುವಾಗುವಾಗ ಗುರುತಿಲ್ಲದ ಪ್ರೋಗ್ರಾಮನ್ನು ತಡೆಯುವ ಕಾವಲು ಆಫ್ ಆಗಿತ್ತು. "ಇದನ್ನ ಯಾರು ಆಫ್ ಮಾಡಿದ್ದು?"

ನಾನೇ. ಪುಕ್ಕಟೆ ಗೇಮ್ ಒಂದನ್ನು ಹಾಕಲು, ಅದೇ ವಾರ. ಅದರ ಜೊತೆ ಬಂದ ಪ್ರೋಗ್ರಾಮೊಂದು ದಿನವೂ ಎಲ್ಲಕ್ಕಿಂತ ಮೊದಲೇ ಎದ್ದು ಯಂತ್ರವನ್ನು ನಿಧಾನ ಮಾಡುತ್ತಿತ್ತು. ಅವರು ಅದನ್ನು ಅಳಿಸಿ ಕಾವಲನ್ನು ಆನ್ ಮಾಡಿದರು. ಕಾವಲು ಬದಲಾದದ್ದೇ ತಡ, ಲ್ಯಾಪ್‌ಟಾಪ್ ತನ್ನ ಫೈಲುಗಳ ಬೀಗ ತೆರೆಯಲು ನಲವತ್ತೆಂಟು ಅಂಕಿಗಳ ಕೀ ಕೇಳಿತು. ಅದಿಲ್ಲದಿದ್ದರೆ, ಕಾಲೇಜಿನ ಪ್ರಾಜೆಕ್ಟಿಗೆಂದು ನಾನು ತೋಟಗಳಲ್ಲಿ ಅಳೆದ ಆರುನೂರ ಹನ್ನೆರಡು ಮರಗಳ ಪಟ್ಟಿ ತೆರೆಯುತ್ತಿರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ಕೀ ಡೈರಿಯ ಕೊನೆಯ ಪುಟದಲ್ಲಿತ್ತು. ಪುಟವನ್ನು ಅಂಗೈಯಿಂದ ಮರೆಮಾಡಿಕೊಂಡೆ.

ಅವರು ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತರು. ಒಂದೊಂದೇ ಅಂಕಿ ಒತ್ತುತ್ತಾ ನಾನು ನಾಲ್ಕು ಸಲ ಅವರ ಬೆನ್ನನ್ನು ನೋಡಿದೆ. ಪಟ್ಟಿ ತೆರೆಯಿತು. ಕೊನೆಯ ಸಾಲಿನವರೆಗೂ ನೋಡಿದೆ. ಒಂದು ಮರವೂ ಕಡಿಮೆಯಾಗಿರಲಿಲ್ಲ.

"ಮೋನೆ," ಎಂದರು ಅವರು ರಸ್ತೆಯನ್ನೇ ನೋಡುತ್ತಾ, "ಇನ್ನು ತಿರುಗ್ಬಹುದಾ?"