ಹೆಚ್ಚುವರಿ ಎರಡು ಹೊದಿಕೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದ ಆಕೆಯನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಬಲಭುಜ ಸೋತು, ಜಡೆ ಹೆಣೆದುಕೊಳ್ಳಲೂ ಕೈ ಮೇಲೇಳದಂತಾಗಿತ್ತು. ಹೊಸದಾಗಿ ಬಂದ ಒಗೆಯುವ ಯಂತ್ರವನ್ನು ನಡೆಸುವ ಕೆಲಸ ಸಿಕ್ಕರೆ ಭುಜ ಉಳಿಯುತ್ತಿತ್ತು. ಅದಕ್ಕೆ ಓದು ಮತ್ತು ಲೆಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆಯ ದಿನ ೧೯೯೮ನೆಯ ಇಸವಿ ಸೆಪ್ಟೆಂಬರ್ ೨೮, ಸೋಮವಾರ.

ಪಾಠ ಹೇಳಲು ಬಂದವರು ಸೈನ್ಯದಿಂದ ನಿವೃತ್ತರಾದ ಶಿಕ್ಷಕರು. ಅವರ ನಿಲುವು ನೋಡಿಯೇ ವಿಭಾಗದ ಹೆಂಗಸರು ಕವಾಯತು ಮೇಷ್ಟ್ರು ಎಂದು ಹೆಸರಿಟ್ಟರು. ಸಿಪಾಯಿಗಳಿಗೆಂದು ಸಿದ್ಧಪಡಿಸಿದ್ದ ಕಂಪ್ಯೂಟರ್ ಪಾಠಗಳನ್ನೇ ಅವರು ತಂದಿದ್ದರು. ಸಿಪಾಯಿ ಇದ್ದಲ್ಲಿ ರೋಗಿ, ಗುಂಡು ಇದ್ದಲ್ಲಿ ಹೊದಿಕೆ ಎಂದು ತಿದ್ದಿದ್ದರು. ಸೈನ್ಯದ ಕಟ್ಟಳೆ ಮಾತ್ರ ಹಾಗೆಯೇ ಉಳಿದಿತ್ತು: ಒಂದು ಉತ್ತರ ತಪ್ಪಿದರೂ ಪಾಠ ಮೊದಲಿನಿಂದ.

ಇಸ್ತ್ರಿಯಕ್ಕ ನಾಲ್ಕನೆಯ ಪಾಠದಲ್ಲಿ ಸಿಕ್ಕಿಕೊಂಡಳು. ಇಪ್ಪತ್ತನಾಲ್ಕು ರೋಗಿಗಳಿಗೆ ತಲಾ ಎರಡು ಹೊದಿಕೆ, ಒಟ್ಟು ಎಷ್ಟು? ಆಕೆ ಐವತ್ತು ಎಂದು ಒತ್ತುವಳು, ಪರದೆ ಕೆಂಪಾಗುವುದು. ಆಗಸ್ಟ್ ಅರ್ಧ ಕಳೆದರೂ ಅದೇ ಕೆಂಪು.

“ಅತ್ತಿಗೆ, ನೀವು ಪಾಸಾಗೋದ್ರೊಳಗೆ ಆ ಮಷಿನ್ನೇ ರಿಟೈರ್ ಆಗುತ್ತೆ,” ಎಂದಳು ಪಕ್ಕದಲ್ಲಿದ್ದ ನಾದಿನಿ.

“ಬಾಯಿ ಮುಚ್ಕೊಂಡು ನಿನ್ನ ಪರದೆ ನೋಡೇ.”

ಮೇಷ್ಟ್ರು ಬಂದು ನಿಂತರು. “ಇಪ್ಪತ್ನಾಲ್ಕೆರಡ್ಲ ಎಷ್ಟಮ್ಮ?”

“ನಲವತ್ತೆಂಟು, ಸಾರ್.”

“ಮತ್ತೆ ಐವತ್ತು ಯಾಕೆ ಒತ್ತಿದ್ರಿ?”

“ಯಾರಾದ್ರೂ ವಾಂತಿ ಮಾಡ್ಕೊಂಡ್ರೆ? ಎರಡು ಜಾಸ್ತಿ ಇಲ್ದೆ ನಾನು ವಾರ್ಡಿಗೆ ಕಟ್ಟು ಕಳಿಸೋದೇ ಇಲ್ಲ. ನಿಮ್ಮ ಸಿಪಾಯಿಗಳಿಗೆ ಹೊಟ್ಟೆ ಕೆಡ್ತಾನೇ ಇರ್ಲಿಲ್ವಾ ಸಾರ್?”

ಕೋಣೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರ ಗಂಟುಮೋರೆಯೂ ಸಡಿಲಿತು. “ಪದ ಮಾತ್ರ ಬದಲಾಯಿಸಿದೆ, ಪಾಠ ಬದಲಾಯಿಸ್ಲಿಲ್ಲ,” ಎಂದು ತಲೆ ಕೆರೆದುಕೊಂಡರು.

ಆಗಸ್ಟ್ ೨೪ರಂದು ಪರದೆಯ ಮೇಲೆ ಎರಡು ಚೌಕಗಳಿದ್ದವು: ಕೇಳಿದ್ದು ಎಷ್ಟು, ಮೀಸಲು ಎಷ್ಟು. ತಪ್ಪಿದರೆ ಆ ಲೆಕ್ಕವನ್ನಷ್ಟೇ ಮತ್ತೆ ಮಾಡಿದರೆ ಸಾಕು. ಇಸ್ತ್ರಿಯಕ್ಕ ನಲವತ್ತೆಂಟು ಒತ್ತಿದಳು, ಎರಡು ಒತ್ತಿದಳು, ಪರದೆ ಹಸಿರಾಯಿತು. ಆಮೇಲೆ ಆಕೆಯನ್ನು ಹಿಡಿಯುವವರೇ ಇಲ್ಲವಾಯಿತು.

ಪರೀಕ್ಷೆಯ ಹಾಳೆಯಲ್ಲಿ ಮೀಸಲಿಗೆ ಜಾಗವಿರಲಿಲ್ಲ. ಇಸ್ತ್ರಿಯಕ್ಕ ಅದನ್ನು ಮನಸ್ಸಿನಲ್ಲೇ ಮಡಿಸಿಟ್ಟು, ಕೇಳಿದ್ದಕ್ಕಷ್ಟೇ ಉತ್ತರ ಬರೆದಳು. ಅಕ್ಟೋಬರ್ ೧೨ರಂದು ಫಲಿತಾಂಶ ಬಂತು: ತೇರ್ಗಡೆ. ನಾದಿನಿ ಅತ್ತಿಗೆಯನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಇಸ್ತ್ರಿಯಕ್ಕ ಯಂತ್ರಕ್ಕೆ ಅಂಟಿಸಿದ್ದ ಸೂಚನೆಗಳನ್ನು ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದಳು. ಮೇಲ್ವಿಚಾರಕರು ಗುಂಡಿಯತ್ತ ಕೈ ಚಾಚಿದರು. “ನಾನು ಶುರು ಮಾಡ್ಕೊಡ್ಲಾ?”

“ಬೇಡ ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ.”

ಆಕೆ ಗುಂಡಿ ಒತ್ತಿದಳು. ಗಾಜಿನ ಹಿಂದೆ ಹೊರೆಗಟ್ಟಲೆ ಬಟ್ಟೆ ತಾನಾಗಿಯೇ ಹೊರಳತೊಡಗಿತು. ಇಸ್ತ್ರಿಯಕ್ಕ ಎರಡು ಕೈಗಳನ್ನೂ ಸೊಂಟದ ಮೇಲಿಟ್ಟು ನಿಂತಳು.