ಭೂತಪ್ಪನಾಗಿ ಹೋದ ರಕ್ಕಸ

ಆ ಕಾಲಕ್ಕೆ ನಮ್ಮೂರಿನಲ್ಲಿ ಪುಸ್ತಕ ಅಂದರೆ ಶಾಲೆಯಲ್ಲಿ ಪುಕ್ಕಟೆ ಕೊಡುತ್ತಿದ್ದ ಪಾಠದ ಪುಸ್ತಕ, ಅದು ಬಿಟ್ಟರೆ ಮೊಳೆಗೆ ನೇತುಹಾಕಿದ ಪಂಚಾಂಗ. ಮಕ್ಕಳು ಸುಮ್ಮನೆ ಓದಿ ಖುಷಿಪಡಲಿ ಅಂತಲೇ ಪುಟದ ತುಂಬ ಬಣ್ಣದ ಚಿತ್ರ ಬರೆದ ಪುಸ್ತಕವೂ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಮೂರನೇ ಕ್ಲಾಸಿನಲ್ಲಿ, ಶೋಭಾಳಿಂದ. ಅವಳ ಅಪ್ಪನಿಗೆ ಅಂಬ್ಲಿಗೊಳದ ಕಾಲುವೆಗೆ ನೀರು ಬಿಡುವ ಕೆಲಸ. ಸೊರಬದ ಕಡೆಯವರು, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಶೋಭಾ ಮಾತಿಗೊಮ್ಮೆ 'ಎಂತದು' ಅನ್ನುತ್ತಿದ್ದಳು. ನಾವು ಶಿಕಾರಿಪುರದ ಕಡೆಯ ಮಕ್ಕಳು ಅವಳನ್ನು ಅಣಕಿಸಿ ನಗುತ್ತಿದ್ದೆವು.

ದಸರಾ ರಜೆಗೆ ಅವಳ ಮಾವ ಆ ಪುಸ್ತಕ ತಂದುಕೊಟ್ಟಿದ್ದ. ನಮ್ಮ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ರಾಶಿ ಬಿದ್ದಿರುತ್ತಿತ್ತು. ಅದರ ಮೇಲೆ ಕೂತು, ಸುಟ್ಟ ತೆನೆ ತಿನ್ನುತ್ತ, ಇಬ್ಬರೂ ತಲೆಗೆ ತಲೆ ತಾಗಿಸಿ ಓದುತ್ತಿದ್ದೆವು. ಪುಟಕ್ಕೆ ಮಸಿ ಹತ್ತುತ್ತದೆ ಅಂತ ಶೋಭಾ ನನ್ನ ಕೈಯನ್ನು ತನ್ನ ಲಂಗಕ್ಕೇ ಒರೆಸುತ್ತಿದ್ದಳು. ಹೊಸ ಕಾಗದದ ವಾಸನೆಗೆ ನಾನು ಪುಸ್ತಕವನ್ನು ಮೂಗಿಗೆ ಹಿಡಿದರೆ, "ಮೂಸದೆಲ್ಲ ಆಮೇಲೆ, ಮೊದ್ಲು ಓದು ಮಾರಾಯ್ತಿ" ಅನ್ನುತ್ತಿದ್ದಳು.

ಕತೆಯಲ್ಲಿ ಚಿನ್ನಿ ಅನ್ನುವ ಹುಡುಗಿಗೆ ಅಟ್ಟದ ಕತ್ತಲೆ ಕಂಡರೆ ಹೆದರಿಕೆ. ಅಟ್ಟದಲ್ಲಿ ನೀಲಿ ಮೈಯ, ಕೋರೆಹಲ್ಲಿನ ರಕ್ಕಸ. ಅವನಿಗೆ ಚಿನ್ನಿಯ ಕಾಲ್ಗೆಜ್ಜೆ ಕೇಳಿದರೆ ಹೆದರಿಕೆ. ಇವಳು ಏಣಿಯ ಮೇಲೆ ರೊಟ್ಟಿ ಇಟ್ಟು ಬರುತ್ತಾಳೆ, ಅವನು ಅಟ್ಟಕ್ಕೆ ಬಿದ್ದಿದ್ದ ಇವಳ ಚೆಂಡನ್ನು ಕೆಳಗೆ ಉರುಳಿಸುತ್ತಾನೆ. ಹೀಗೇ ದೋಸ್ತಿಯಾಗುತ್ತದೆ. ಒಂದು ಸಂಜೆ ರಕ್ಕಸ ಮೊದಲ ಸಲ ಕೆಳಗಿಳಿದು ಚಿನ್ನಿಯ ಪಕ್ಕ ಕೂತಿದ್ದಾನೆ, ಚಿನ್ನಿಯ ಅಮ್ಮ ದೀಪ ಹಿಡಿದು ಬಾಗಿಲ ಹತ್ತಿರ ಬರುತ್ತಿದ್ದಾಳೆ. ಶೋಭಾ ಅಲ್ಲಿಗೆ ಪುಸ್ತಕ ಮುಚ್ಚಿದಳು. ರಜೆ ಪೂರ್ತಿ ಬರಲಿ ಅಂತ ಅವಳು ದಿನಕ್ಕಿಷ್ಟು ಅಂತ ಅಳೆದು ಓದಿಸುತ್ತಿದ್ದಳು.

ನನಗೆ ಆ ಪುಸ್ತಕ ಬರೀ ಕತೆಯಾಗಿರಲಿಲ್ಲ. ಮುಸ್ಸಂಜೆ ಹೊತ್ತಿಗೆ ಕೊಟ್ಟಿಗೆಯ ಮೂಲೆಯಿಂದ ಹುಲ್ಲು ತರುವುದು ನನ್ನ ಪಾಲಿನ ಕೆಲಸ, ದಿನವೂ ಜೀವ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದೆ. ಪುಸ್ತಕ ಶುರುವಾದ ಮೇಲೆ ಹುಲ್ಲಿನ ಮೂಲೆಗೆ ನಾನೂ ಒಂದು ಚೂರು ರೊಟ್ಟಿ ಇಡತೊಡಗಿದೆ. ಬೆಳಿಗ್ಗೆ ಅದು ಇರುತ್ತಿರಲಿಲ್ಲ. ಇಲಿಯೋ ಬೆಕ್ಕೋ ತಿಂದಿರಬೇಕು, ನನಗೆ ಮಾತ್ರ ಹೆದರಿಕೆ ಹೋಗಿತ್ತು.

ಅಮ್ಮ ದೀಪ ಹಿಡಿದು ಬರುವಲ್ಲಿಗೆ ಶೋಭಾ ಓದು ನಿಲ್ಲಿಸಿದ ಆ ಸಂಜೆ, ಪುಸ್ತಕ ನಮ್ಮ ಜಗಲಿಯಲ್ಲೇ ಉಳಿಯಿತು. ಮಾರನೇ ಬೆಳಿಗ್ಗೆ ಕಸ ಗುಡಿಸುವಾಗ ಅಜ್ಜಿಯ ಕಣ್ಣಿಗೆ ಬಿತ್ತು. ಗಾಳಿಗೆ ತೆರೆದ ಪುಟದಲ್ಲಿ ರಕ್ಕಸ ಕಣ್ಣು ಬಿಟ್ಟುಕೊಂಡು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದ. ಅಜ್ಜಿಗೆ ಓದು ಬರದು. ಕೋರೆಹಲ್ಲಿನವನು ಅಂದರೆ ಅವಳಿಗೆ ಹೆದರಿಸುವವನಲ್ಲ, ಕಾಯುವವನು. ಹೊಲದ ಬದುವಿನ ಭೂತಪ್ಪನಿಗೆ ಆ ವರ್ಷ ಹೊಸ ತೆನೆ ಇಟ್ಟು ಕಾಯಿ ಒಡೆಸುವುದು ಮರೆತುಹೋಗಿತ್ತು. ಎಮ್ಮೆ ಬೇರೆ ಸೊರ ಬಿಡದೆ ಹಾಲು ನಿಲ್ಲಿಸಿತ್ತು. ಅಜ್ಜಿ ಎರಡನ್ನೂ ಕೂಡಿಸಿಬಿಟ್ಟಳು.

"ನಾವು ಮರೆತ್ರೂ ಅವ ಮರೀಲಿಲ್ಲ ನೋಡು. ತಾನೇ ಮನಿಗೆ ಬಂದಾನೆ."

"ಅಜ್ಜಿ, ಅದು ಕತೆ ಪುಸ್ತಕ. ಅವ ರಕ್ಕಸ."

"ಹಂಗೆಲ್ಲ ಅನಬ್ಯಾಡ. ಕೆನ್ನೆ ಬಡ್ಕೋ."

ಬಡಿದುಕೊಂಡೆ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ರಕ್ಕಸನ ಹಣೆಗೆ ಅರಿಸಿನ ಕುಂಕುಮ ಬಿದ್ದು, ಅವನು ದೇವರ ಗೂಡಿನಲ್ಲಿ ಕೂತಿದ್ದ. ಸಂಜೆಗೆ ಎಮ್ಮೆ ಹಾಲು ಕೊಟ್ಟಿತು. ಹಿಂದಿನ ದಿನ ಅಪ್ಪ ಪೇಟೆಯಿಂದ ಹೊಸ ಹಿಂಡಿ ತಂದು ಹಾಕಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವನಿಗೆ ಓದು ಬರುತ್ತಿತ್ತು. ಗೂಡಿನ ಮುಂದೆ ನಿಂತು ಎರಡು ಸಾಲು ಓದಿ, ಮೀಸೆಯಡಿ ನಕ್ಕ. "ಅವ್ವ ಒಪ್ಪಲ್ಲ, ಬಿಡು. ನಾಕು ದಿನ ಇರ್ಲಿ" ಅಂದ. ಗೊತ್ತಿದ್ದವರು ಹೀಗೆ ಬಿಡು ಅಂದರೆ, ಗೊತ್ತಿಲ್ಲದವರ ಹತ್ತಿರ ಮಕ್ಕಳು ಎಷ್ಟಂತ ಜಗಳ ಆಡಬೇಕು.

ಆ ನಾಕು ದಿನ ಮುಗಿಯಲೇ ಇಲ್ಲ, ಶೋಭಾ ಕೇಳಿದಾಗಲೆಲ್ಲ ನಾನು ನಾಳೆ ಅನ್ನುತ್ತಿದ್ದೆ. ದೀಪಾವಳಿ ಕಳೆಯುತ್ತಲೇ ಅವಳ ಅಪ್ಪನಿಗೆ ಸೊರಬಕ್ಕೆ ವರ್ಗವಾಯಿತು. ಸಾಮಾನು ತುಂಬಿದ ಟೆಂಪೋ ಬೀದಿಯಲ್ಲಿ ನಿಂತಿದ್ದಾಗ, ಅವಳು ಅಮ್ಮನ ಕೈ ಹಿಡಿದು ಪುಸ್ತಕ ಕೇಳಲಿಕ್ಕೆ ಬಂದಳು.

ಅಜ್ಜಿ ಇಲ್ಲ ಅನ್ನಲಿಲ್ಲ. "ಕೊಡೋದು ಬಿಡೋದು ನಂದಲ್ಲ ತಾಯಿ. ಅವನ್ನೇ ಕೇಳೋಣ" ಅಂದಳು. ನಮ್ಮ ಕಡೆ ದೇವರ ಅಪ್ಪಣೆ ಕೇಳುವುದು ಹೀಗೆ: ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಕಾಯುವುದು, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಅಜ್ಜಿ ಸೇವಂತಿಗೆಯ ಎಸಳನ್ನು ನೀರಿನಲ್ಲಿ ಅದ್ದಿ ರಕ್ಕಸನ ಎದೆಗೆ ಅಂಟಿಸಿದಳು. ಕಲ್ಲಿನ ಮೇಲಾದರೆ ಬೀಳುತ್ತಿತ್ತು. ಇದು ನುಣುಪು ಕಾಗದ, ಮೇಲೆ ಕುಂಕುಮದ ಅಂಟು. ಎಸಳು ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಕಾದೆವು. ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ಶೋಭಾ ಬಗ್ಗಿ ಮೆಲ್ಲಗೆ ಊದಿದಳು.

"ಉಸಿರು ತಾಗಿಸಬಾರ್ದವ್ವ," ಅಂದಳು ಅಜ್ಜಿ.

"ಅವ ದೇವರಲ್ಲ ಅಜ್ಜಿ. ಅವ ನಮ್ಮ ಫ್ರೆಂಡು," ಅಂದಳು ಶೋಭಾ.

ಅವಳ ಅಮ್ಮ ಪಟ್ಟಣದಲ್ಲಿ ಓದಿದವರು. ಅವರಾದರೂ ಬಾಯಿ ಬಿಡುತ್ತಾರೆ ಅಂತ ಅವರ ಮುಖ ನೋಡಿದೆ. ಅವರು ಪುಸ್ತಕಕ್ಕೆ ಕೈ ಮುಗಿದು, ಒಂದು ಚಿಟಿಕೆ ಕುಂಕುಮ ಹಣೆಗಿಟ್ಟುಕೊಂಡರು. "ದೇವರ ಪಾಲಾಯ್ತಲ್ಲ, ಬಿಡು ಮಗಾ. ಬೇರೆ ಕೊಡಿಸ್ತೆ" ಅಂದರು. ಶೋಭಾ ಟೆಂಪೋ ಹತ್ತುವಾಗ ನನ್ನ ಕಡೆ ನೋಡಲೇ ಇಲ್ಲ. ಎಸಳು ಅಲ್ಲೇ ಒಣಗಿತು.

ಆಮೇಲಿನದು ಇನ್ನೂ ಕಷ್ಟ. ಗೂಡಿನ ಕಡೆ ಕಾಲು ಚಾಚಬಾರದು, ಮೈಲಿಗೆಯಲ್ಲಿ ಹತ್ತಿರ ಹೋಗಬಾರದು, ಹೋದರೆ ಭೂತಪ್ಪ ಕನಸಿನಲ್ಲಿ ಬರುತ್ತಾನೆ. ನಿಜವಾಗಿಯೂ ಬಂದ, ಅದೇ ನೀಲಿ ಮೈ, ಅದೇ ಕೋಲು. ನನ್ನ ಹೆದರಿಕೆ ಬಿಡಿಸಿದವನಿಗೇ ನಾನು ಹೆದರುವಂತೆ ಮಾಡಿದರು. ಹುಲ್ಲಿನ ಮೂಲೆಗೆ ಹೋಗಲಾರೆ ಅಂತ ಅತ್ತರೆ, "ಭೂತಪ್ಪ ಮನ್ಯಾಗೇ ಇರಬೇಕಾದ್ರೆ ನಿಂಗ್ಯಾಕೆ ಭಯ" ಅನ್ನುತ್ತಿದ್ದಳು ಅಜ್ಜಿ. ಯಾರಿಗೆ ಹೇಳುವುದು. ಅಜ್ಜಿ ಹೋದ ಮೇಲೆ ಗೋಡೆಗೆ ಸುಣ್ಣ ಬಳಿಯುವಾಗ ಪುಸ್ತಕ ಕೆಳಗಿಳಿಯಿತು. ಎಣ್ಣೆ, ಅರಿಸಿನ, ಹೊಗೆ ಎಲ್ಲ ಸೇರಿ ಕೊನೆಯ ಪುಟಗಳು ಒಂದಕ್ಕೊಂದು ಅಂಟಿಹೋಗಿದ್ದವು. ಬಿಡಿಸಲು ಹೋದರೆ ಹರಿದವು.

ಈಗ ನನ್ನ ಮಗಳ ಹತ್ತಿರ ಅಂಥ ಪುಸ್ತಕಗಳ ರಾಶಿಯೇ ಇದೆ. ಒಬ್ಬಳೇ ಸೋಫಾದ ಮೇಲೆ ಕೂತು ಸರಸರನೆ ಮುಗಿಸಿ, ಫೋನು ಕೇಳುತ್ತಾಳೆ. ಪಕ್ಕದ ಮನೆಯಲ್ಲಿ ಅವಳ ವಯಸ್ಸಿನ ಹುಡುಗಿ ಇದ್ದಾಳೆ, ಹೆಸರು ಗೊತ್ತಿಲ್ಲವಂತೆ. ಅವಳನ್ನೂ ಕರೆದು ಓದು ಅಂದರೆ, ಯಾಕೆ ಅನ್ನುತ್ತಾಳೆ.

ಮೊನ್ನೆ ಸೊರಬದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಶೋಭಾ ಸಿಕ್ಕಳು. ನಾನೇ ಗುರುತು ಹಿಡಿದು ಊರಿನ ಹೆಸರು ಹೇಳಿದೆ.

"ಅಯ್ಯೋ, ನೀವಾ. ಅಜ್ಜಿ ಕೈತುಂಬ ಮಂಡಕ್ಕಿ ಕೊಡ್ತಿದ್ರು ಅಲ್ದಾ?" ಅಂದಳು.

ಪುಸ್ತಕದ ವಿಷಯ ತೆಗೆದೆ. ಹಣೆ ಸುಕ್ಕು ಮಾಡಿ ಯೋಚಿಸಿದಳು. "ಹಾಂ, ಎಂತದೋ ನೀಲಿದು. ಅಪ್ಪ ಆಮೇಲೆ ಅದೇ ಇನ್ನೊಂದು ತಂದುಕೊಟ್ಟಿದ್ರು."

"ಚಿನ್ನಿ ಅಮ್ಮ ದೀಪ ಹಿಡಿದು ಒಳಗೆ ಬಂದ ಮೇಲೆ ಏನಾಯ್ತು? ರಕ್ಕಸನ್ನ ಓಡಿಸಿದ್ಲಾ?"

"ಅದೆಲ್ಲ ಎಲ್ಲಿ ನೆನಪಿರ್ತದೆ ಹೇಳಿ," ಅಂದು ಶೋಭಾ ನಕ್ಕಳು. "ನಿಮ್ಮದು ಊಟ ಆಯ್ತೇನ್ರೀ?"

ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ನನ್ನ ಮಸಿ ಕೈಯನ್ನು ತನ್ನ ಲಂಗಕ್ಕೆ ಒರೆಸಿಕೊಂಡವಳಿಗೆ ಹೇಳಬೇಕಾದ್ದು ಏನೇನೋ ಇತ್ತು.

"ಆಯ್ತ್ರೀ" ಅಂದೆ.